ನಿಮ್ಹಾನ್ಸ್ ಅಂದ್ರೆ ಯಾಕೆ ನಗ್ತೀರಿ?

ಹೋದ ವರ್ಷದ ಮಾತು. ಶುಕ್ರವಾರ ಸಂಜೆ ರಿಲೀಸ್ ಇತ್ತು. ನಮ್ಮ ಟೀಮಿನ ಹುಡುಗನೊಬ್ಬ ಟೆಸ್ಟಿಂಗ್ ಡೇಟಾಬೇಸ್ ಅಂದ್ಕೊಂಡು ಪ್ರೊಡಕ್ಷನ್ ಡೇಟಾಬೇಸಿನ ಮೇಲೆ ಸ್ಕ್ರಿಪ್ಟ್ ಓಡಿಸಿಬಿಟ್ಟ. ಒಂದು ಗಂಟೆ ಎಲ್ಲರ ಜೀವ ಬಾಯಿಗೆ ಬಂದಿತ್ತು. ಬ್ಯಾಕಪ್ ಇತ್ತು, ಬಚಾವಾದ್ವಿ. ಆಮೇಲೆ ಟೀ ಕುಡಿಯುವಾಗ ಯಾರೋ ಅಂದರು: "ಇವನನ್ನ ಸೀದಾ ನಿಮ್ಹಾನ್ಸ್‌ಗೆ ಸೇರಿಸ್ರೋ. ಹೊಸೂರು ರೋಡಲ್ಲೇ ಇದೆ, ಆಫೀಸ್ ಕ್ಯಾಬೇ ಬಿಟ್ಟು ಬರುತ್ತೆ." ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾನು ಹಾಗೆ ನಗುವಾಗ ನನ್ನ ಬ್ಯಾಗಿನಲ್ಲಿ, ಲ್ಯಾಪ್‌ಟಾಪಿನ ಪಕ್ಕದಲ್ಲೇ ನಿಮ್ಹಾನ್ಸಿನ ಚೀಟಿಗಳ ಫೈಲ್ ಇತ್ತು. ಹಿಂದಿನ ದಿನವಷ್ಟೇ ಚಿಕ್ಕಪ್ಪನನ್ನು ಅಲ್ಲಿಗೆ ಕರ್ಕೊಂಡು ಹೋಗಿದ್ದೆ. ರಜೆ ಹಾಕುವಾಗ ಕಾರಣದ ಜಾಗದಲ್ಲಿ "ಜ್ವರ" ಅಂತ ಬರೆದಿದ್ದೆ.

ಈ ಬರಹ ಆ ಜ್ವರದ ಬಗ್ಗೆ.

"ಈಗ ಕಾಲ ಬದಲಾಗಿದೆ, ಮಾನಸಿಕ ಆರೋಗ್ಯದ ಬಗ್ಗೆ ಎಲ್ಲರೂ ಓಪನ್ ಆಗಿ ಮಾತಾಡ್ತಾರೆ" ಅಂತ ನೀವು ಹೇಳಬಹುದು. ನಮ್ಮ ಆಫೀಸಿನಲ್ಲೂ ಹೇಳುತ್ತಾರೆ. ಪ್ರತಿ ಅಕ್ಟೋಬರ್ 10ಕ್ಕೆ ಹೆಚ್‌ಆರ್‌ನಿಂದ ಈಮೇಲ್ ಬರುತ್ತದೆ, ಹಸಿರು ರಿಬ್ಬನ್ ಬರುತ್ತದೆ, ಒಂದು ಗಂಟೆ ವೆಬಿನಾರ್ ಇರುತ್ತದೆ. ಉಸಿರು ಹೇಗೆ ಎಳೆದುಕೊಳ್ಳಬೇಕು, ಹೇಗೆ ಬಿಡಬೇಕು ಅಂತ ಹೇಳಿಕೊಡುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ವಿಂಡೋದಲ್ಲಿ ಕ್ಲೈಂಟಿನ ಮೆಸೇಜು ಮಿನುಗುತ್ತಿರುತ್ತದೆ, ಆ ಮಾತು ಬಿಡಿ.

ಎರಡು ವರ್ಷದ ಹಿಂದಿನ ವೆಬಿನಾರಿನಲ್ಲಿ ನಾನೊಂದು ಪ್ರಶ್ನೆ ಟೈಪ್ ಮಾಡಿದೆ, ಹೆಸರು ಕಾಣದ ಹಾಗೆ. "ಸ್ಕಿಜೋಫ್ರೇನಿಯಾ ಇದ್ದು, ಮಾತ್ರೆ ತಗೊಂಡು ಚೆನ್ನಾಗಿರೋರನ್ನ ನಮ್ಮ ಕಂಪನಿ ಕೆಲಸಕ್ಕೆ ತಗೊಳುತ್ತಾ?" ಪ್ರಶ್ನೆ ಓದಿದ ಮೇಡಮ್ ಎರಡು ಸೆಕೆಂಡ್ ಸುಮ್ಮನಿದ್ದರು. "ವೆರಿ ಗುಡ್ ಕ್ವೆಶ್ಚನ್, ಆಫ್‌ಲೈನ್ ಮಾತಾಡೋಣ" ಅಂದರು. ಆ ಆಫ್‌ಲೈನ್ ಇನ್ನೂ ಬಂದಿಲ್ಲ. ಹೆಸರು ಹಾಕದ ನನ್ನ ತಪ್ಪೂ ಅದರಲ್ಲಿದೆ ಅನ್ನಿ.

ನನ್ನ ತಕರಾರು ಇಷ್ಟೇ. ಕಾಲ ಬದಲಾಗಿರೋದು ನಮ್ಮಂಥವರ ಕಾಯಿಲೆಗೆ ಮಾತ್ರ. ಸ್ಟ್ರೆಸ್, ಆಂಗ್ಸೈಟಿ, ಬರ್ನ್‌ಔಟ್: ಇವನ್ನು ಲಿಂಕ್ಡ್‌ಇನ್‌ನಲ್ಲಿ ಬರೆದುಕೊಳ್ಳಬಹುದು, ಲೈಕ್ ಬರುತ್ತದೆ. 2015ರಲ್ಲಿ ದೀಪಿಕಾ ಪಡುಕೋಣೆ ತನಗೆ ಡಿಪ್ರೆಶನ್ ಇತ್ತು ಅಂತ ಟೀವಿಯಲ್ಲಿ ಹೇಳಿಕೊಂಡರು. ಅದು ದೊಡ್ಡ ಕೆಲಸವೇ, ಎಷ್ಟೋ ಜನಕ್ಕೆ ಧೈರ್ಯ ಬಂತು, ನಾನು ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಕಿವಿಯಲ್ಲಿ ಯಾರೋ ಮಾತಾಡ್ತಾರೆ ಅನ್ನುವವನು, ಅನ್ನಕ್ಕೆ ವಿಷ ಹಾಕಿದ್ದಾರೆ ಅಂತ ತಟ್ಟೆ ಎಸೆಯುವವನು, ಸ್ನಾನ ಬಿಟ್ಟು ಮೂಲೆಯಲ್ಲಿ ಕೂತವನು, ಇವನ ಹೆಸರು ಯಾವ ಹಸಿರು ರಿಬ್ಬನ್ನಿನಲ್ಲಿದೆ? ಅವನು ಇವತ್ತಿಗೂ ಜೋಕು. "ಮೆಂಟ್ಲು". "ನಿಮ್ಹಾನ್ಸ್ ಕೇಸು". ನಾವು ಮಾನಸಿಕ ಆರೋಗ್ಯ ಅನ್ನುವ ಒಂದು ಚೆಂದದ ಮನೆ ಕಟ್ಟಿ, ಮಾನಸಿಕ ರೋಗಿಯನ್ನು ಜಗುಲಿಯ ಮೇಲೇ ಬಿಟ್ಟಿದ್ದೀವಿ.

ನೀವು ಯಾವ ಹೆಸರು ಹಿಡಿದು ನಗ್ತೀರೋ ಆ ಆಸ್ಪತ್ರೆಯ ಕಥೆ ಸ್ವಲ್ಪ ಕೇಳಿ.

ಬೆಂಗಳೂರಿಗೆ ಇದು ಐಟಿಗಿಂತ ಒಂದೂವರೆ ಶತಮಾನ ಹಳೆಯದು. 1847-48ರ ಸುಮಾರಿಗೆ, ಮೈಸೂರು ಸೀಮೆ ಬ್ರಿಟಿಷ್ ಕಮಿಷನರ್ ಕೈಯಲ್ಲಿದ್ದಾಗ, ಪೇಟೆಯ ಕಡೆ ಲುನಾಟಿಕ್ ಅಸೈಲಂ ಅಂತ ಶುರುವಾಯಿತು. ಹೆಸರೇ ಹೇಳುತ್ತದೆ, ಬೀದಿಯಲ್ಲಿ ತೊಂದರೆ ಆಗದಂತೆ ಒಳಗಿಡುವ ಜಾಗ. ವಾಸಿ ಮಾಡುವುದಕ್ಕೆ ಆಗ ಜಗತ್ತಿನಲ್ಲಿ ಎಲ್ಲೂ ಔಷಧಿ ಇರಲಿಲ್ಲ. 1925ರಲ್ಲಿ ಮೈಸೂರು ಸರ್ಕಾರ ಹೆಸರು ಬದಲಾಯಿಸಿ ಮೆಂಟಲ್ ಹಾಸ್ಪಿಟಲ್ ಅಂತ ಕರೆಯಿತು. ಅಂದರೆ ಇದು ಸೆರೆಮನೆ ಅಲ್ಲ, ಆಸ್ಪತ್ರೆ, ಇಲ್ಲಿರುವವರು ರೋಗಿಗಳು ಅಂತ ಸರ್ಕಾರ ಕಾಗದದ ಮೇಲೆ ಒಪ್ಪಿಕೊಂಡಿತು. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಈಗಿರುವ ಲಕ್ಕಸಂದ್ರದ ಜಾಗದಲ್ಲಿ ಕಲ್ಲಿನ ಕಟ್ಟಡಗಳೆದ್ದವು. ಸೂಪರಿಂಟೆಂಡೆಂಟ್ ಆಗಿದ್ದ ಡಾ. ಫ್ರಾಂಕ್ ನೊರೊನ್ಹ, ಅವರ ನಂತರ ಬಂದ ಡಾ. ಎಂ. ವಿ. ಗೋವಿಂದಸ್ವಾಮಿ ಅದನ್ನು ಬೆಳೆಸಿದರು. 1954ರಲ್ಲಿ ಅಲ್ಲೇ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್ ಬಂತು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ನರ್ಸುಗಳು, ಎಲ್ಲರಿಗೂ ಅಲ್ಲಿ ತರಬೇತಿ ಶುರುವಾಯಿತು. 1974ರಲ್ಲಿ ಹಳೇ ಆಸ್ಪತ್ರೆ, ಹೊಸ ಇನ್‌ಸ್ಟಿಟ್ಯೂಟ್ ಎರಡೂ ಸೇರಿ ನಿಮ್ಹಾನ್ಸ್ ಆಯಿತು, ನರಶಸ್ತ್ರಚಿಕಿತ್ಸಕ ಡಾ. ಆರ್. ಎಂ. ವರ್ಮ ಮೊದಲ ನಿರ್ದೇಶಕರಾದರು. 2012ರಲ್ಲಿ ಪಾರ್ಲಿಮೆಂಟ್ ಇದನ್ನು ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆ ಅಂತ ಕಾಯ್ದೆ ಮಾಡಿತು.

ನಾಲ್ಕು ಹೆಸರಾಯಿತು ನೋಡಿ. ಜನ ಮಾತ್ರ ಒಂದೇ ಹೆಸರು ಇಟ್ಟುಕೊಂಡಿದ್ದರು: ಹುಚ್ಚಾಸ್ಪತ್ರೆ. ಈಗ ನಮ್ಮಂಥ ಓದಿದವರ ಬಾಯಲ್ಲಿ "ನಿಮ್ಹಾನ್ಸ್" ಅನ್ನುವುದೇ ಆ ಅರ್ಥಕ್ಕೆ ಇಳಿದಿದೆ. ಇಂಗ್ಲಿಷಿನಲ್ಲಿ ಬೈದರೆ ಬೈಗುಳ ಅಲ್ಲ ಅಂದುಕೊಂಡಿದ್ದೀವಿ.

ಹೆಸರು ಬದಲಾದರೂ ನಾಚಿಕೆ ಬದಲಾಗಲಿಲ್ಲ. ಆದರೆ ಒಳಗೆ ನಿಜವಾಗಿ ಬದಲಾದದ್ದು ಬೇರೆ ಇದೆ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಅನ್ನುವ ಮಾತ್ರೆ ಬಂತು. ಅದಕ್ಕೂ ಮುಂಚೆ ಇನ್ಸುಲಿನ್ ಕೊಟ್ಟು ಕೋಮಾಕ್ಕೆ ಇಳಿಸುವುದು, ಕರೆಂಟ್ ಕೊಡುವುದು, ಇಂಥವೇ ಇದ್ದವು. ಮಾತ್ರೆ ಬಂದ ಮೇಲೆ ವರ್ಷಗಟ್ಟಲೆ ಒಳಗೇ ಉಳಿಯುತ್ತಿದ್ದವರು ಮನೆಗೆ ಹೋಗುವ ದಾರಿ ಕಂಡರು. ಅದೇ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನುವವರು ಆವರಣದಲ್ಲೇ ಟೆಂಟ್ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಬೆಂಗಳೂರಿನಲ್ಲೂ ಮನೆಯವರನ್ನು ಜೊತೆಗೆ ಇರಿಸಿ ಚಿಕಿತ್ಸೆ ಕೊಡುವ ಪದ್ಧತಿ ಬೆಳೆಯಿತು. ಆಸ್ಪತ್ರೆ ಮನೆಯವರನ್ನು ಹೊರಗಟ್ಟುವ ಬದಲು ಒಳಗೆ ಕರೆಯಿತು.

ಇದು ಎಷ್ಟು ದೊಡ್ಡ ವಿಷಯ ಅಂತ ನನಗೆ ಗೊತ್ತು, ಯಾಕೆಂದರೆ ನಮ್ಮಪ್ಪ ಹಾಗೆ ಒಳಗೆ ಹೋದವನು.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ತೆಂಗು, ರಾಗಿ, ನಾಲ್ಕು ದನ. ಚಿಕ್ಕಪ್ಪ ಐಟಿಐ ಮಾಡಿದ್ದ. ಊರಿನ ಪಂಪ್‌ಸೆಟ್ಟುಗಳನ್ನೆಲ್ಲ ಅವನೇ ರಿಪೇರಿ ಮಾಡುತ್ತಿದ್ದದ್ದು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅವನಿಗೆ ಶುರುವಾಯಿತು. ರಾತ್ರಿ ನಿದ್ದೆ ಇಲ್ಲ, ಒಬ್ಬನೇ ಮಾತಾಡುತ್ತಾನೆ, ಬಾವಿ ಒಳಗಿಂದ ಯಾರೋ ಕರೀತಾರೆ ಅನ್ನುತ್ತಾನೆ. ಗಾಳಿ ಸೋಕಿದೆ ಅಂದರು. ತಾಯತ ಕಟ್ಟಿಸಿದರು, ಅಮಾವಾಸ್ಯೆ ಅಮಾವಾಸ್ಯೆಗೆ ದೇವಸ್ಥಾನ ಸುತ್ತಿಸಿದರು, ಎರಡು ಕುರಿ ಹೋದವು. ಕೊನೆಗೆ ಕೊಟ್ಟಿಗೆಯಲ್ಲಿ ಕಂಬಕ್ಕೆ ಕಟ್ಟಿದರು. ದನ ಕಟ್ಟುವ ಸರಪಳಿಯಲ್ಲಿ. ಎಂಟು ತಿಂಗಳು. ನಾನು ಆಗ ಏಳನೇ ಕ್ಲಾಸು. ಸ್ಕೂಲಿಗೆ ಹೋಗುವ ಮುಂಚೆ ಅವನಿಗೆ ಮುದ್ದೆ ತಟ್ಟೆ ಇಟ್ಟು ಬರುವುದು ನನ್ನ ಕೆಲಸ. ತಟ್ಟೆಯನ್ನು ಕಾಲಲ್ಲಿ ತಳ್ಳುತ್ತಿದ್ದೆ, ಹತ್ತಿರ ಹೋಗಲು ಹೆದರಿಕೆ. ಅವನು ನನಗೆ ಸೈಕಲ್ ಕಲಿಸಿದವನು.

ಇದನ್ನು ಓದಿ "ಅಯ್ಯೋ, ಹಳ್ಳಿ ಜನ, ಮೂಢನಂಬಿಕೆ" ಅನ್ನಬೇಡಿ. ಅಲ್ಲೇ ನಿಮ್ಮ ಹತ್ತಿರ ನನ್ನ ಜಗಳ ಇರುವುದು. ನಮ್ಮೂರಿಗೆ ದೇವಸ್ಥಾನ ಮೂರು ಫರ್ಲಾಂಗು, ಮನೋವೈದ್ಯರು ನಾಲ್ಕು ಗಂಟೆ ದೂರ. ನೀವಾಗಿದ್ದರೆ ಯಾವ ಕಡೆ ಹೋಗುತ್ತಿದ್ದಿರಿ? ಅಜ್ಜಿ ದಿನಾ ಅಳುತ್ತಲೇ ಹೇಳುತ್ತಿದ್ದಳು, "ಬಿಟ್ರೆ ಬಾವಿಗೆ ಬೀಳ್ತಾನೆ ಕಣಪ್ಪ, ನಾನೇನ್ ಮಾಡ್ಲಿ?" ಆ ಸರಪಳಿಯಲ್ಲಿ ಕ್ರೌರ್ಯ ಎಷ್ಟಿತ್ತೋ ಕಾಣೆ, ಬೇರೆ ದಾರಿ ಗೊತ್ತಿಲ್ಲದ ತಾಯಿಯ ಭಯವಂತೂ ತುಂಬ ಇತ್ತು. ದಾರಿ ಮಾಡಿಕೊಡಬೇಕಾದವರು ಮಾಡದೆ, ಕಟ್ಟಿದವಳನ್ನು ಮಾತ್ರ ಬೈಯುವುದು ಸುಲಭ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಬೆಂಕಿ ಬಿತ್ತು. ದರ್ಗಾದ ಹತ್ತಿರ, ದೇವರ ಕೃಪೆಯಿಂದ ವಾಸಿಯಾಗಲಿ ಅಂತ ಮನೆಯವರು ಬಿಟ್ಟುಹೋಗಿದ್ದ ಮಾನಸಿಕ ರೋಗಿಗಳು, ಒಂದು ಚಪ್ಪರದ ಕೆಳಗೆ ಸರಪಳಿಯಲ್ಲಿ ಕಟ್ಟಿಹಾಕಿಸಿಕೊಂಡಿದ್ದವರು, ಓಡಲಾಗದೆ ಸುಟ್ಟುಹೋದರು. 28 ಜನ. ಅಪ್ಪ ಆ ಸುದ್ದಿಯನ್ನು ಊರಿನ ಹೋಟೆಲಿನಲ್ಲಿ ಪೇಪರಿನಲ್ಲಿ ಓದಿದ. ಮನೆಗೆ ಬಂದು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಸರಪಳಿ ಬಿಚ್ಚಿ, ಸ್ನಾನ ಮಾಡಿಸಿ, ತನ್ನ ಅಂಗಿಯನ್ನೇ ತೊಡಿಸಿ, ಇಬ್ಬರು ನೆಂಟರನ್ನು ಜೊತೆಗೆ ಕರೆದುಕೊಂಡು, ಚಿಕ್ಕಪ್ಪನನ್ನು ಬೆಂಗಳೂರಿನ ಬಸ್ಸು ಹತ್ತಿಸಿದ.

ನಿಮ್ಹಾನ್ಸಿನಲ್ಲಿ ಮೂರು ವಾರ. ಅಪ್ಪನೂ ಜೊತೆಗಿದ್ದ. ಅಲ್ಲಿನ ಡಾಕ್ಟರು, ನರ್ಸುಗಳು ಅಪ್ಪನನ್ನು ಒಂದು ಸಲವೂ "ಯಾಕೆ ಕಟ್ಟಿದ್ರಿ?" ಅಂತ ಗದರಿಸಲಿಲ್ಲವಂತೆ. ಮಾತ್ರೆ ಯಾವಾಗ ಕೊಡಬೇಕು, ನಿದ್ದೆ ಕೆಟ್ಟರೆ ಯಾಕೆ ಎಚ್ಚರವಾಗಬೇಕು, ಅವನ ಕಿವಿಗೆ ಕೇಳುವ ದನಿಯ ಬಗ್ಗೆ ವಾದ ಯಾಕೆ ಮಾಡಬಾರದು, ಇದನ್ನೆಲ್ಲ ಕೂರಿಸಿಕೊಂಡು ಹೇಳಿಕೊಟ್ಟರಂತೆ. ಏಳನೇ ಕ್ಲಾಸಿಗೇ ಓದು ಬಿಟ್ಟ ಅಪ್ಪ, ಇವತ್ತಿಗೂ ಆ ಮಾತ್ರೆಗಳ ಹೆಸರನ್ನು ತಪ್ಪಿಲ್ಲದೆ ಹೇಳುತ್ತಾನೆ. ಚಿಕ್ಕಪ್ಪ ಊರಿಗೆ ಬಂದ. ಆರು ತಿಂಗಳಿಗೆ ಮತ್ತೆ ಸ್ಪ್ಯಾನರ್ ಹಿಡಿದ.

ಹಾಗಾದರೆ ಈಗ ಏನು ತೊಂದರೆ ಅಂತೀರಾ? ತೊಂದರೆ ಇರುವುದೇ ವಾಪಸ್ ಬಂದ ಮೇಲೆ.

ಬೆಂಗಳೂರಿನಲ್ಲಿ ಎಷ್ಟೇ ದೊಡ್ಡ ಆಸ್ಪತ್ರೆ ಇದ್ದರೂ, ಹಳ್ಳಿಯ ಪಕ್ಕದಲ್ಲಿ ಮಾತ್ರೆ ಸಿಗದಿದ್ದರೆ ಉಪಯೋಗ ಇಲ್ಲ. ಇದನ್ನು ಮೊದಲು ಅರ್ಥ ಮಾಡಿಕೊಂಡವರೂ ನಿಮ್ಹಾನ್ಸಿನವರೇ. 1970ರ ದಶಕದಲ್ಲಿ ಆನೇಕಲ್ ಕಡೆಯ ಸಕಲವಾರದಲ್ಲಿ ಕೇಂದ್ರ ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಓಡಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ನೋಡಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ಇಡೀ ಜಿಲ್ಲೆಗೆ ಮಾಡಿದರು. ದೇಶದ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರದ್ದು. ಅದರ ಜಿಲ್ಲಾ ಯೋಜನೆ 1996ರಲ್ಲಿ ಶುರುವಾಗಿದ್ದು ಈ ಬಳ್ಳಾರಿಯ ಮಾದರಿ ಹಿಡಿದು. ಅಂದರೆ ಇಡೀ ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ಬಿಸಿಲುನಾಡು. ಎಷ್ಟು ಜನಕ್ಕೆ ಗೊತ್ತು? ನಮಗೆ ಬಳ್ಳಾರಿ ಅಂದರೆ ಗಣಿ, ನಿಮ್ಹಾನ್ಸ್ ಅಂದರೆ ಜೋಕು.

ಕಾಗದದ ಮೇಲೆ ಇವತ್ತು ನಮ್ಮ ಕಾನೂನು ಚೆನ್ನಾಗಿದೆ. 1912ರ ಲೂನಸಿ ಕಾಯ್ದೆಯನ್ನು ಸ್ವತಂತ್ರ ಭಾರತ ದಶಕಗಟ್ಟಲೆ ಇಟ್ಟುಕೊಂಡಿತ್ತು. 1987ರಲ್ಲಿ ಹೊಸದು ಬಂತು, ಅದು ಜಾರಿಯಾಗಲು 1993 ಆಯಿತು. ಈಗಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ, ಅರಿವಳಿಕೆ ಇಲ್ಲದೆ ಕರೆಂಟ್ ಕೊಡುವಂತಿಲ್ಲ ಅನ್ನುತ್ತದೆ ಅದು. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ಅಪರಾಧಿಯಂತೆ ನೋಡದೆ, ತೀವ್ರ ಒತ್ತಡದಲ್ಲಿದ್ದವರು ಅಂತ ನೋಡಬೇಕು ಅನ್ನುತ್ತದೆ. ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧಿಗಳು ಪುಕ್ಕಟೆಯಾಗಿ, ಎಲ್ಲ ಕಾಲದಲ್ಲೂ ಸಿಗಬೇಕು ಅನ್ನುತ್ತದೆ.

"ಎಲ್ಲ ಕಾಲದಲ್ಲೂ." ಈ ಎರಡು ಪದ ಹಿಡಿದುಕೊಂಡು ನಮ್ಮಪ್ಪ ಎಷ್ಟು ಸಲ ಆಸ್ಪತ್ರೆಗೆ ಅಲೆದಿದ್ದಾನೋ ಲೆಕ್ಕವಿಲ್ಲ. "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ." ಮುಂದಿನ ವಾರ ಬೇರೆಯವರು ಕೂತಿರುತ್ತಾರೆ. "ಒಂದು ಸ್ಟ್ರಿಪ್ ಇದೆ, ಉಳಿದದ್ದು ಹೊರಗೆ ತಗೊಳ್ಳಿ." ನಾನು ಸಂಬಳ ತಗೊಳ್ಳುವವನು, ಬೆಂಗಳೂರಿನಿಂದ ಪಾರ್ಸೆಲ್ ಕಳಿಸುತ್ತೇನೆ. ಹೋದ ವರ್ಷ ನಾನು ಕೆಲಸದ ಗಡಿಬಿಡಿಯಲ್ಲಿ ಮೂರು ವಾರ ಕಳಿಸಲಿಲ್ಲ. ನನ್ನದೇ ತಪ್ಪು. ಅಲ್ಲಿಯೂ ಸಿಗಲಿಲ್ಲ. ಇಪ್ಪತ್ತು ವರ್ಷ ಹೆಚ್ಚುಕಮ್ಮಿ ಸರಿಯಿದ್ದ ಮನುಷ್ಯ ಮತ್ತೆ ಬಾವಿಯ ಹತ್ತಿರ ನಿಂತು ಯಾರಿಗೋ ಉತ್ತರ ಕೊಡತೊಡಗಿದ. ಮೊದಲು ಹೇಳಿದ "ಜ್ವರ" ಇದೇ.

ನನ್ನ ಸಂಬಳ ಇದೆ, ನನಗೆ ಬೆಂಗಳೂರಿನ ಬಸ್ಸು, ಮೆಟ್ರೋ, ಓಪಿಡಿ ಚೀಟಿ ಎಲ್ಲ ಗೊತ್ತು. ಇಷ್ಟಿದ್ದೂ ಹೀಗಾಯಿತು. ಯಾರೂ ಇಲ್ಲದ ಮನೆಯ ಕಥೆ? 2015-16ರಲ್ಲಿ ನಿಮ್ಹಾನ್ಸ್ ಮುಂದೆ ನಿಂತು 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಉತ್ತರ ಹೇಳುತ್ತದೆ. ದೊಡ್ಡವರಲ್ಲಿ ಶೇಕಡಾ 10.6ರಷ್ಟು ಜನಕ್ಕೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಗೆ ತಕ್ಕಂತೆ, ಅವರಲ್ಲಿ ಶೇಕಡಾ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದು ಸಕ್ಕರೆ ಕಾಯಿಲೆಯ ಲೆಕ್ಕ ಆಗಿದ್ದರೆ ಟೀವಿಯಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತಿತ್ತು.

ಏನೂ ಆಗಿಲ್ಲ ಅಂತ ನಾನು ಹೇಳುವುದಿಲ್ಲ. ಕರ್ನಾಟಕದಲ್ಲಿ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆ ಬಂತು. 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಶುರುವಾಯಿತು. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಮಾರ್ಗದರ್ಶನ ಕೊಡುವುದು ನಿಮ್ಹಾನ್ಸ್, ತಂತ್ರಜ್ಞಾನ ಬೆಂಗಳೂರಿನ ಟ್ರಿಪಲ್ ಐಟಿಯದ್ದು. ಒಳ್ಳೆಯದೇ. ಆದರೆ ಫೋನು ಮಾತಾಡಿಸಬಹುದು, ಮಾತ್ರೆ ನುಂಗಿಸಲಾರದು. ನಮ್ಮ ಫೀಲ್ಡಿನವರಿಗೆ ಒಂದು ಚಟ ಇದೆ, ಆಪ್ ಮಾಡಿದರೆ ಸಮಸ್ಯೆ ಮುಗಿಯಿತು ಅಂದುಕೊಳ್ಳುವುದು. ನನ್ನ ಚಿಕ್ಕಪ್ಪನಿಗೆ ಬೇಕಿರುವುದು ಮೂಡ್ ಟ್ರ್ಯಾಕರ್ ಅಲ್ಲ ಸ್ವಾಮಿ, ತಿಂಗಳಿಗೆ ಮೂವತ್ತು ಮಾತ್ರೆ.

"ನಾವೇನು ಮಾಡೋಕಾಗುತ್ತೆ, ಸರ್ಕಾರ ಮಾಡಬೇಕು" ಅನ್ನುತ್ತೀರಿ. ಸರ್ಕಾರ ಮಾಡಬೇಕು, ಸರಿ. ಆದರೆ ಯಾರು ಕೇಳುತ್ತಾರೋ ಅವರಿಗೆ ಮಾಡುತ್ತದೆ. ನಮ್ಮ ರಸ್ತೆಗುಂಡಿಗೆ ನಾವು ಟ್ವೀಟ್ ಮಾಡುತ್ತೇವೆ, ಮಂತ್ರಿಗಳನ್ನು ಟ್ಯಾಗ್ ಮಾಡುತ್ತೇವೆ. ಚಿಕ್ಕಪ್ಪನ ಮಾತ್ರೆಗೆ ಟ್ಯಾಗ್ ಮಾಡುವವರು ಯಾರು? ರೋಗಿ ಕೇಳಲಾರ. ಮನೆಯವರು ಕೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಮಗಳ ಸಂಬಂಧ ತಪ್ಪಿಹೋಗುತ್ತದೆ. ಆ ಭಯವೇ ಎಲ್ಲರನ್ನೂ ಬಾಯಿ ಮುಚ್ಚಿಸಿದೆ. ನಿಮ್ಮ ಟೀ ಟೇಬಲ್ಲಿನ ಜೋಕು ಆ ಭಯಕ್ಕೆ ದಿನಾ ಎಣ್ಣೆ ಹಾಕುತ್ತದೆ. ಜೋಕಿಗೂ ಮಾತ್ರೆಗೂ ಇರುವ ಸಂಬಂಧ ಇದೇ. ಅದಕ್ಕೇ "ಜೋಕನ್ನ ಜೋಕಾಗಿ ತಗೋ ಗುರೂ" ಅಂದರೆ ನಾನು ಒಪ್ಪುವುದಿಲ್ಲ.

ಮಾಡಬಹುದಾದ ಕೆಲಸ ಹೇಳುತ್ತೇನೆ, ಯಾವುದೂ ದೊಡ್ಡದಲ್ಲ. ನಿಮ್ಮ ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿ. ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ 2017ರ ಕಾಯ್ದೆಯಲ್ಲೇ ಇದೆ. ನಿಮ್ಮ ಪಾಲಿಸಿಯಲ್ಲಿ ಎಷ್ಟಿದೆ ಅಂತ ಹೆಚ್‌ಆರ್‌ಗೆ ಈಮೇಲ್ ಹಾಕಿ, ಹೆಸರು ಹಾಕಿಯೇ ಕೇಳಿ. ಹಬ್ಬಕ್ಕೆ ಊರಿಗೆ ಹೋದಾಗ ತಾಲೂಕು ಆಸ್ಪತ್ರೆಯ ಔಷಧಿ ಕೌಂಟರಿಗೆ ಹೋಗಿ, ಮಾನಸಿಕ ಕಾಯಿಲೆಯ ಮಾತ್ರೆ ಯಾವುದಿದೆ, ಎಷ್ಟು ದಿನದಿಂದ ಇಲ್ಲ ಅಂತ ವಿಚಾರಿಸಿ. ಉತ್ತರ ಸಿಗದಿದ್ದರೆ ಒಂದು ಆರ್‌ಟಿಐ ಅರ್ಜಿ ಗೀಚಿ. ಅರ್ಜಿ ಬರೆಯುವ ಇಂಗ್ಲಿಷು, ಕನ್ನಡ ಎರಡೂ ನಮಗೆ ಬರುತ್ತೆ, ನಮ್ಮಪ್ಪನಿಗೆ ಬರುವುದಿಲ್ಲ. ಓದಿದ್ದಕ್ಕೆ ಅಷ್ಟಾದರೂ ಉಪಯೋಗವಾಗಲಿ.

ಇನ್ನೊಂದಿದೆ. ಹೋದ ತಿಂಗಳು ಚಿಕ್ಕಪ್ಪನ ಫಾಲೋಅಪ್ ಇತ್ತು. ರಜೆ ಹಾಕಲು ಕೂತೆ. ಕಾರಣದ ಜಾಗದಲ್ಲಿ ಕೈ ಅಭ್ಯಾಸದ ಮೇಲೆ "ಜ್ವರ" ಅಂತಲೇ ಟೈಪ್ ಮಾಡಿತು. ಅಳಿಸಿದೆ. "ಚಿಕ್ಕಪ್ಪನನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಬೇಕು" ಅಂತ ಬರೆದೆ. ಕಳಿಸಿ ಅರ್ಧ ಗಂಟೆ ಹೊಟ್ಟೆಯಲ್ಲಿ ಒಂಥರಾ. ಆಮೇಲೆ ಮ್ಯಾನೇಜರಿನಿಂದ ಒಂದೇ ಪದದ ಉತ್ತರ ಬಂತು: "ಅಪ್ರೂವ್ಡ್." ಇಷ್ಟಕ್ಕೆ ನಾನು ಇಷ್ಟು ವರ್ಷ ಸುಳ್ಳು ಜ್ವರ ಬರಿಸಿಕೊಂಡೆನಾ ಅನ್ನಿಸಿತು.

ಆದರೆ ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ. ನಾನು ಬರೆದದ್ದು ಚಿಕ್ಕಪ್ಪನ ಬಗ್ಗೆ. ಆ ಜಾಗದಲ್ಲಿ "ನನಗೆ" ಅಂತ ಬರೆಯಬೇಕಾಗಿ ಬಂದಿದ್ದರೆ ಬರೆಯುತ್ತಿದ್ದೆನಾ? ಅಪ್ರೈಸಲ್ ನೆನಪಾಗಿ ಮತ್ತೆ ಜ್ವರವೇ ಬರುತ್ತಿತ್ತೇನೋ. ಆ ದಿನದವರೆಗೂ ನಮ್ಮ ಆಫೀಸು ಬದಲಾಗಿದೆ ಅಂತ ನಾನು ಒಪ್ಪುವುದಿಲ್ಲ. ನಾನು ಬದಲಾಗಿದ್ದೇನೆ ಅಂತಲೂ ಹೇಳುವುದಿಲ್ಲ.

ಮುಂದಿನ ಸಲ ಟೀ ಕುಡಿಯುವಾಗ ಯಾರಾದರೂ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ರೋ" ಅಂದರೆ ನಾನೊಂದು ಉತ್ತರ ರೆಡಿ ಇಟ್ಟುಕೊಂಡಿದ್ದೇನೆ. "ಮೊನ್ನೆ ಹೋಗಿದ್ದೆ ಸಾರ್. ತುಂಬ ರಶ್ ಇತ್ತು, ಆದರೂ ಚೆನ್ನಾಗಿ ನೋಡಿದ್ರು. ನಿಮ್ಮ ಮನೇಲಿ ಯಾರಿಗಾದ್ರೂ ಬೇಕಿದ್ರೆ ಹೇಳಿ, ದಾರಿ ನನಗೆ ಗೊತ್ತು."